ಮುಡಿ ಕಟ್ಟಿದ ಹುಲ್ಲು

ದೊಡ್ಡಮುನಿಯಮ್ಮನ ಕುಡುಗೋಲು ಕಿತ್ತುಕೊಂಡವನು ಹೊರಗಿನವನೇನಲ್ಲ. ಸ್ವಂತ ತಂಗಿಯ ಮಗ ನರೇಶ. ಹೆತ್ತವಳು ಸತ್ತಾಗ ಅವನಿಗೆ ಎರಡು ವರ್ಷ. ಎತ್ತಿ ಸಾಕಿದವಳು ಇವಳು. ಈಗ ಅವನಿಗೆ ಮೂವತ್ತು. ನೀಲಿ ಯೂನಿಫಾರಂ, ಎದೆಯ ಮೇಲೆ ಹೆಸರಿನ ಪಟ್ಟಿ, ಕೈಯಲ್ಲಿ ವಾಕಿಟಾಕಿ. ಎಗ್ರೆಟ್ ಎನ್‌ಕ್ಲೇವ್ ಲೇಔಟಿನ ಕೆರೆ ಕಡೆಯ ಗೇಟಿಗೆ ಅವನೇ ಸೂಪರ್‌ವೈಸರ್.

“ಹೊರೆ ಇಳಿಸು ದೊಡ್ಡವ್ವ” ಎಂದ. ಮುಖ ನೋಡಲಿಲ್ಲ.

ಬೆಳಿಗ್ಗೆ ಏಳು ಗಂಟೆ. ಸೊಂಟದಿಂದ ಕೆಳಗೆ ಸೀರೆ ಒದ್ದೆ. ತಲೆಯ ಮೇಲೆ ಹಸಿ ಹುಲ್ಲಿನ ಹೊರೆ. ನೀರು ಕುಡಿದ ಹುಲ್ಲಿನ ಭಾರ ಹೊತ್ತವರಿಗೇ ಗೊತ್ತು. ಕತ್ತಿನ ಮೂಳೆಗಳು ಒಂದರ ಮೇಲೊಂದು ಕೂತುಬಿಡುತ್ತವೆ. ಇಳಿಸಿದರೆ ಮತ್ತೆ ಎತ್ತಿಸಲು ಇನ್ನೊಬ್ಬರು ಬೇಕು.

“ಯಾಕೋ? ಗಾಡಿ ಕಾಯ್ತಾ ಐತೆ.”

“ಇಳಿಸು ಅಂದ್ನಲ್ಲ.”

ಅವನ ಹಿಂದೆ ನಾಲ್ಕೈದು ಜನ ನಿಂತಿದ್ದರು. ವಾಕಿಂಗ್ ಬೂಟು, ನೀರಿನ ಬಾಟಲಿ. ಮುಂದೆ ಅಸೋಸಿಯೇಷನ್ನಿನ ಸೆಕ್ರೆಟರಿ ಶ್ರೀವತ್ಸನ್. ಬ್ಯಾಂಕಿನಲ್ಲಿ ದೊಡ್ಡ ಕೆಲಸದಲ್ಲಿದ್ದು ರಿಟೈರಾದವರು. ಇಂದಿರಾನಗರದಲ್ಲಿ ಪಬ್ಬು, ಕಾರು, ಗಲಾಟೆ ಜಾಸ್ತಿಯಾಯಿತೆಂದು ಅಲ್ಲಿನ ಮನೆ ಬಾಡಿಗೆಗೆ ಕೊಟ್ಟು ಶಾಂತಿ ಹುಡುಕಿಕೊಂಡು ಇಲ್ಲಿಗೆ ಬಂದವರು. ಪಕ್ಕದಲ್ಲಿ ಉದ್ದ ಮೂತಿಯ ಕ್ಯಾಮೆರಾ ಕೊರಳಿಗೆ ಹಾಕಿಕೊಂಡ ಮೇಡಮ್. ಈಕೆ ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ನಿಂತು ಹಕ್ಕಿಗಳ ಫೋಟೊ ತೆಗೆಯುತ್ತಾಳೆ. ಮೂರು ವರ್ಷದಿಂದ ದೊಡ್ಡಮುನಿಯಮ್ಮನನ್ನು ದಿನಾ ನೋಡಿದ್ದಾಳೆ. ಹೆಸರು ಗೊತ್ತಿಲ್ಲ. ಒಂದೇ ಒಂದು ಸಲ ಮಾತಾಡಿಸಿದ್ದಳು: ಸ್ವಲ್ಪ ಪಕ್ಕಕ್ಕೆ ಹೋಗಿ, ಫೋಟೋದಲ್ಲಿ ನೀವು ಬರ್ತಿದೀರ ಎಂದು.

ದೊಡ್ಡಮುನಿಯಮ್ಮ ಹೊರೆ ಇಳಿಸಿದಳು. ನರೇಶ ಹಗ್ಗ ಬಿಚ್ಚಿದ. ಬೂಟುಗಾಲಿನಿಂದ ಹುಲ್ಲನ್ನು ಡಾಂಬರು ರಸ್ತೆಯ ಮೇಲೆಲ್ಲ ಕೆದರಿದ. ಎರಡು ಗಂಟೆ ಬಗ್ಗಿ ಕೊಯ್ದ ಹುಲ್ಲು. ಅದರಲ್ಲಿ ಹುಲ್ಲು ಬಿಟ್ಟರೆ ಒಂದು ಸತ್ತ ಏಡಿ ಇತ್ತು.

“ಇದು ನೀವು ಕಟ್ಟಿದ್ದಾ?” ಮೇಡಮ್ ಫೋನು ಮುಂದೆ ಹಿಡಿದಳು. ಫೋಟೋದಲ್ಲಿ ಜೊಂಡಿನ ಮೂರು ದಂಟು ಸೇರಿಸಿ ತುದಿಯಲ್ಲಿ ಗಂಟು ಹಾಕಿತ್ತು.

“ಊಂ, ನಾನೇ. ಒಂದೆರಡು ನಮ್ಮೋರು ಬೇರೆಯೋರು ಕಟ್ಟಿರೋದು.”

“ಕೇಳಿದ್ರಾ ಸಾರ್? ಒಪ್ಕೊಂಡ್ರು.”

“ಏನು ಒಪ್ಕೊಂಡೆ? ಅದು ಮುಡಿ ಕಣಮ್ಮ. ಹುಂಡುಕೋಳಿ ಗೂಡು ಮಾಡಿರೋ ತಾವ ಕಟ್ತೀವಿ.”

“ಅದನ್ನೇ ಹೇಳ್ತಿರೋದು. ಗೂಡಿನ ಹತ್ರಾನೇ ಉರುಲು. ತಾಯಿ ಬಂದ್ರೆ ಕತ್ತು ಸಿಕ್ಕಾಕೊಳ್ಳುತ್ತೆ. ಎಷ್ಟು ಕ್ರೂರ ಇದು.” ಮೇಡಮ್ಮಿನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಆ ಗಂಟಿಗೆ ಒಂದು ಗುಬ್ಬಿಯ ಕಾಲೂ ಸಿಕ್ಕುವುದಿಲ್ಲ ಎಂದು ಕೈಯಿಟ್ಟು ನೋಡಿದ್ದರೆ ತಿಳಿಯುತ್ತಿತ್ತು. ಕೈಯಿಡಬೇಕಲ್ಲ.

ಮುಡಿ ಎಂದರೆ ಏನು ಎಂದು ದೊಡ್ಡಮುನಿಯಮ್ಮನ ಕಾಲೊನಿಯಲ್ಲಿ ಯಾವ ಹೆಣ್ಣನ್ನು ಕೇಳಿದರೂ ಹೇಳುತ್ತಾಳೆ. ಆಷಾಢ ಶ್ರಾವಣದಲ್ಲಿ ಹುಂಡುಕೋಳಿ ಎಂಬ ಕೆರೆಹಕ್ಕಿ ಜೊಂಡಿನ ಬುಡದಲ್ಲಿ ಗೂಡು ಮಾಡುತ್ತದೆ. ಹುಲ್ಲು ಕೊಯ್ಯುವಾಗ ಮೊಟ್ಟೆ ಕಂಡವಳು ಆ ಜಾಗದ ಮೂರು ದಂಟು ಸೇರಿಸಿ ಮುಡಿ ಕಟ್ಟಬೇಕು. ಮುಡಿ ಕಟ್ಟಿದ ಕಡೆ ಎರಡಾಳು ದೂರ ಯಾರೂ ಕುಡುಗೋಲು ಇಡಬಾರದು. ಮರಿ ನೀರಿಗಿಳಿದ ಮೇಲೆ ಕಟ್ಟಿದವಳೇ ಹೋಗಿ ಬಿಚ್ಚಬೇಕು. ಮುಡಿ ಮೀರಿ ಕೊಯ್ದರೆ ಹಸುವಿನ ಕೆಚ್ಚಲು ಬಾತು ಹಾಲಿನಲ್ಲಿ ರಕ್ತ ಬರುತ್ತದೆ ಎಂದು ದೊಡ್ಡಮುನಿಯಮ್ಮನ ಅವ್ವ ಹೇಳಿದ್ದಳು, ಅವಳಿಗೆ ಅವಳ ಅವ್ವ. ರಕ್ತ ಬಂದದ್ದನ್ನು ಯಾರೂ ನೋಡಿಲ್ಲ. ಮುಡಿ ಮೀರಿದವರಿದ್ದರೆ ತಾನೆ.

ಗೇಟಿನ ಹೊರಗೆ ಕಲೀಮುಲ್ಲಾ ತನ್ನ ಗೂಡ್ಸ್ ಆಟೋ ನಿಲ್ಲಿಸಿಕೊಂಡಿದ್ದ. ಹತ್ತು ವರ್ಷದಿಂದ ಕಾಲೊನಿಯ ನಾಲ್ಕು ಹೆಂಗಸರು ಕೊಯ್ದ ಹುಲ್ಲನ್ನು ಶಿವಾಜಿನಗರದ ಆಡು ಸಾಕುವವರಿಗೆ ಮುಟ್ಟಿಸುವವನು ಅವನು. ಗಲಾಟೆ ಕೇಳಿ ಇಳಿದು ಬಂದ.

“ಸಾಬ್, ಹುಲ್ಲು ಅಷ್ಟೇ ಸಾಬ್. ಆಡಿಗೆ ಹಾಕೋದು. ಅಕ್ಕ ಹಂಗೆಲ್ಲ ಮಾಡೋರಲ್ಲ.”

“ನಿನ್ನ ಹೆಸರೇನು?”

“ಕಲೀಮುಲ್ಲಾ.”

ಶ್ರೀವತ್ಸನ್ ಮೇಡಮ್ಮಿನ ಮುಖ ನೋಡಿದರು. ಮೇಡಮ್ ಅವರ ಮುಖ ನೋಡಿದಳು. ಹೆಸರು ಕೇಳಿದ ಮೇಲೆ ಅವರಿಗೆ ಎಲ್ಲ ಅರ್ಥವಾಗಿಬಿಟ್ಟಿತ್ತು.

“ಶಿವಾಜಿನಗರದಲ್ಲಿ ಯಾವ ಅಂಗಡಿಗೆ ಕೊಡ್ತೀಯ ಹಕ್ಕಿನ?”

“ಹಕ್ಕಿ ಎಲ್ಲಿಂದ ತರ್ಲಿ ಸಾಬ್? ನಂದು ಗಾಡಿ ನೋಡಿ. ಖಾಲಿ.”

“ಇವತ್ತು ಸಿಕ್ಕಿಲ್ಲ ಅಷ್ಟೆ.” ಆಟೋದ ನಂಬರು, ಕಲೀಮುಲ್ಲಾನ ಮುಖ, ಅವನ ಗಡ್ಡ, ರಸ್ತೆಯ ಮೇಲಿನ ಹುಲ್ಲು, ದೊಡ್ಡಮುನಿಯಮ್ಮನ ಕೆಸರುಗಾಲು, ಎಲ್ಲವನ್ನೂ ಫೋನಿನಲ್ಲಿ ಹಿಡಿದರು. ಆಮೇಲೆ ಶ್ರೀವತ್ಸನ್ ಹೇಳಿದರು, “ನರೇಶ್, ಆ ವೆಪನ್ ಇಸ್ಕೊಳ್ಳಿ.”

ಸೊಂಟಕ್ಕೆ ಸಿಕ್ಕಿಸಿದ್ದ ಕುಡುಗೋಲಿಗೆ ನರೇಶ ಕೈ ಹಾಕಿದ. ಅವಳು ಹಿಡಿಯನ್ನು ಬಿಡಲಿಲ್ಲ. ಅವನು ಎಳೆದ. ಅವಳೂ ಎಳೆದಳು. ಐವತ್ತೆಂಟು ವರ್ಷದ ಹೆಂಗಸು, ಸಾಕಿದ ಮಗ, ನಡುರಸ್ತೆಯಲ್ಲಿ ಒಂದು ಕುಡುಗೋಲಿಗೆ ಕಿತ್ತಾಡಿದರು. ಸುತ್ತ ನಿಂತವರು ಅದನ್ನೂ ಹಿಡಿದರು. ಕೊನೆಗೆ ಅವನ ಕೈ ಮೇಲಾಯಿತು.

*

ಎಗ್ರೆಟ್ ಎಂದರೆ ಬೆಳ್ಳಕ್ಕಿಯಂತೆ. ಕೆ.ಆರ್. ಪುರಂ ದಾಟಿ ಒಳಗೆ ಬಂದರೆ ಗೌರಕ್ಕನ ಕೆರೆ. ಕೆರೆಯ ಕೆಳಗೆ ಹಿಂದೆ ಗದ್ದೆ ಬಯಲು. ಆ ಗದ್ದೆಗಳಲ್ಲಿ ಬೆಳ್ಳಕ್ಕಿ ಇಳಿಯುತ್ತಿದ್ದವು, ಕಾಲೊನಿಯ ಹೆಂಗಸರು ಪೈರು ನೆಡುತ್ತಿದ್ದರು. ಗದ್ದೆ ಗೌಡರದು, ಬೆನ್ನು ಮಾತ್ರ ಇವರದು. ಗೌಡರು ಗದ್ದೆ ಮಾರಿ ದೊಮ್ಮಲೂರಿನಲ್ಲಿ ಬಿಲ್ಡಿಂಗ್ ಕಟ್ಟಿಸಿಕೊಂಡರು. ಬೆಳ್ಳಕ್ಕಿ ಹೋದವು. ಗದ್ದೆಯ ಮೇಲೆ ಲೇಔಟು ಕಟ್ಟಿದವರು ಅವುಗಳ ಹೆಸರನ್ನು ಕಮಾನಿನ ಮೇಲೆ ಹಿತ್ತಾಳೆ ಅಕ್ಷರದಲ್ಲಿ ಬರೆಸಿದರು. ಕಾಲೊನಿ ಹೋಗಲಿಲ್ಲ. ಹೋಗಲು ಜಾಗ ಎಲ್ಲಿತ್ತು? ಲೇಔಟಿನ ಹಿಂದೆ ಹತ್ತಡಿ ಗೋಡೆ ಎದ್ದಿತು. ಗೋಡೆಯ ಈಚೆ ನಲವತ್ತು ಮನೆ ಉಳಿದವು. ಈಚೆಯವರು ಕೆರೆಗೆ ಹೋಗಬೇಕಾದರೆ ಲೇಔಟಿನ ರಸ್ತೆ ದಾಟಿ ಆ ಗೇಟಿನಲ್ಲೇ ಹೋಗಬೇಕು. ಬೇರೆ ದಾರಿ ಇಲ್ಲ.

ಲೇಔಟಿನಲ್ಲಿ ಸದ್ದಿಲ್ಲ. ಸದ್ದು ಮಾಡಬಾರದು ಎಂದು ಬೋರ್ಡು ಹಾಕಿದ್ದಾರೆ. ಸೊಪ್ಪಿನವಳು ಕೂಗಬಾರದು. ಆಟೋ ಹಾರನ್ ಹೊಡೆಯಬಾರದು. ನಾಲ್ಕು ವರ್ಷದ ಹಿಂದೆ ದೊಡ್ಡಮುನಿಯಮ್ಮನ ಒಬ್ಬನೇ ಮಗ ಲಾರಿಗೆ ಸಿಕ್ಕಿ ಸತ್ತ. ಹೆಣ ಆಸ್ಪತ್ರೆಯಿಂದ ಬಂದದ್ದು ಕಲೀಮುಲ್ಲಾನ ಇದೇ ಆಟೋದಲ್ಲಿ. ಹೆಣದ ಮುಂದೆ ತಮಟೆ ಬಡಿದರು. ಅರ್ಧ ಗಂಟೆಯಲ್ಲಿ ಪೊಲೀಸು ಬಂತು. ಮಕ್ಕಳಿಗೆ ಆನ್‌ಲೈನ್ ಪರೀಕ್ಷೆ ಇದೆಯಂತೆ, ತಮಟೆ ನಿಲ್ಲಿಸಿ ಎಂದರು. ಹಡೆದವಳಿಗೆ ತನ್ನ ಮಗನ ಹೆಣದ ಮುಂದೆ ತಮಟೆ ಬಡಿಸುವಷ್ಟೂ ಹಕ್ಕಿಲ್ಲ. ಆ ಹೊಟ್ಟೆಯುರಿ ಅವಳಿಗೆ ಇನ್ನೂ ಆರಿಲ್ಲ. ಆರುವುದೂ ಬೇಡ.

ಉಳಿದವರು ಇವಳು, ಸೊಸೆ ಪೂಜಿತಾ, ಮೂರನೇ ಕ್ಲಾಸಿನ ಮೊಮ್ಮಗಳು, ಎರಡು ಹಸು. ಪೂಜಿತಾ ಶ್ರೀವತ್ಸನ್ ಮನೆಯಲ್ಲಿ ಅಡುಗೆಗೆ ಹೋಗುತ್ತಾಳೆ. ಹಸು ಇವಳದು. ಹಸುವಿಗೆ ಕೆರೆ ಹುಲ್ಲು, ಮಿಕ್ಕ ಹುಲ್ಲು ಕಲೀಮುಲ್ಲಾನ ಗಾಡಿಗೆ. ಕೆರೆ ತಪ್ಪಿದರೆ ಹಸು ತಪ್ಪಿತು. ಹಸು ತಪ್ಪಿದರೆ ಅವಳೂ ಪೊರಕೆ ಹಿಡಿದು ಅದೇ ಲೇಔಟಿನ ಬಾಗಿಲಲ್ಲಿ ನಿಲ್ಲಬೇಕು. ಅದಕ್ಕಿಂತ ಆ ಕೆಸರೇ ವಾಸಿ ಎಂದು ಅವಳು ಮೊದಲಿನಿಂದ ಹೇಳಿಕೊಂಡು ಬಂದವಳು. ಕೆಸರಿನಲ್ಲಿ ನಿಂತು ನಿಂತು ಕಾಲ್ಬೆರಳ ಸಂದಿ ಸೀಳಿದೆ. ಅಂಗೈಯ ಗೆರೆಗಳು ಹುಲ್ಲಿನ ಕೊಯ್ತಕ್ಕೆ ಕಪ್ಪಾಗಿವೆ. ಆದರೆ ಅಲ್ಲಿ ಯಾರೂ ಅವಳನ್ನು ಏಯ್ ಎನ್ನುವುದಿಲ್ಲ.

ಮಧ್ಯಾಹ್ನ ಪೂಜಿತಾ ಬಂದು ಫೋನು ತೋರಿಸಿದಳು. ಲೇಔಟಿನ ಗ್ರೂಪಿನಿಂದ ಯಾರೋ ಅವಳಿಗೆ ಕಳಿಸಿದ್ದರು, ನಿಮ್ಮತ್ತೆನಾ ಇದು ಎಂದು ಕೇಳಿ. ಕುಡುಗೋಲಿಗಾಗಿ ಎಳೆದಾಡುವ ವಿಡಿಯೊ. ಕೆಳಗೆ ಸಾಲು ಸಾಲು ಕೋಪದ ಮುಖಗಳು. ಇಂಥವರನ್ನು ಒಳಗೆ ಬಿಡುವುದೇ ತಪ್ಪು. ಆ ಆಟೋದವನನ್ನು ವಿಚಾರಿಸಿ, ದೊಡ್ಡ ಜಾಲ ಇರಬಹುದು. ಎರಡನೇ ವಿಡಿಯೊದಲ್ಲಿ ನರೇಶ ತೊಡೆಮಟ್ಟ ನೀರಿನಲ್ಲಿ ನಿಂತು ಒಂದೊಂದೇ ಮುಡಿ ಬಿಚ್ಚುತ್ತಿದ್ದ. ಏರಿಯ ಮೇಲೆ ನಿಂತ ಮೇಡಮ್ ಅಲ್ಲೊಂದಿದೆ, ಇಲ್ಲೊಂದಿದೆ ಎಂದು ತೋರಿಸುತ್ತಿದ್ದಳು. ಹನ್ನೊಂದು ಬಿಚ್ಚಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು.

“ಅಯ್ಯೋ ಇವರ ಕೈ ಸೇದೋಗ” ಎಂದಳು ದೊಡ್ಡಮುನಿಯಮ್ಮ. “ಗುರುತೆಲ್ಲ ತೆಗೆದುಬಿಟ್ರಲ್ಲೇ.”

ಸಾಯಂಕಾಲ ನರೇಶ ಬಂದ. ಬಾಗಿಲಾಚೆಯೇ ನಿಂತ.

“ನಾಳೆ ಹತ್ತು ಗಂಟೆಗೆ ಆಫೀಸಿಗೆ ಬರ್ಬೇಕಂತೆ. ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ರೆ ಮುಗೀತು. ಫಾರೆಸ್ಟಿನೋರಿಗೆ ಕಂಪ್ಲೇಂಟ್ ಕೊಡಲ್ವಂತೆ.”

“ಅದು ಮುಡಿ ಅಂತ ನಿಂಗೊತ್ತಿತ್ತಲ್ಲೋ.”

“ಗೊತ್ತಿತ್ತು.”

“ಮತ್ತೆ ಬಾಯಿಗೆ ಗೂಟ ಬಡಿದಿದ್ರಾ?”

“ಅವರು ನನ್ನ ಕೇಳ್ಲಿಲ್ಲ ದೊಡ್ಡವ್ವ. ಕೇಳ್ದೆ ಇದ್ದಾಗ ಮಾತಾಡ್ಬಾರ್ದು. ಅದು ನಮ್ಮ ಡ್ಯೂಟಿ.” ಅವನು ತಲೆ ತಗ್ಗಿಸಿದ. “ಇನ್ನೊಂದು. ನಾಡಿದ್ದು ಮಿಷನ್ ಬರುತ್ತೆ. ನೀರು ಕಾಣ್ಬೇಕಂತೆ ಅವರಿಗೆ. ಜೊಂಡು ಪೂರ್ತಿ ಕ್ಲೀನು.”

ಅವನು ಹೋದ ಮೇಲೆ ಪೂಜಿತಾ ರೊಟ್ಟಿ ತಟ್ಟುತ್ತ ಹೇಳಿದಳು, “ಒತ್ಬಿಡಿ ಅತ್ತೆ. ಹೆಬ್ಬೆಟ್ಟು ತಾನೆ, ಸವೆದೋಗಲ್ಲ. ನನ್ನ ಕೆಲಸ ಹೋದ್ರೆ ಮಗು ಸ್ಕೂಲು ಬಿಡಿಸ್ಬೇಕು.”

ಸೊಸೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

*

ಅಸೋಸಿಯೇಷನ್ನಿನ ಆಫೀಸು ತಣ್ಣಗಿತ್ತು. ಗೋಡೆ ತುಂಬ ಹಕ್ಕಿಗಳ ಫೋಟೊ. ಉದ್ದ ಟೇಬಲ್ಲಿನ ಸುತ್ತ ಏಳೆಂಟು ಜನ, ಅವರ ಮುಂದೆ ಪಿಂಗಾಣಿ ಬಟ್ಟಲಿನಲ್ಲಿ ಕಾಫಿ. ದೊಡ್ಡಮುನಿಯಮ್ಮನಿಗೂ ಕಾಫಿ ಬಂತು, ಪೇಪರ್ ಲೋಟದಲ್ಲಿ. ಕುರ್ಚಿ ಖಾಲಿ ಇದ್ದವು. ಕೂತುಕೊಳ್ಳಿ ಎಂದು ಯಾರೂ ಅನ್ನಲಿಲ್ಲ. ಕೂರಬೇಡಿ ಎಂದೂ ಅನ್ನಲಿಲ್ಲ. ಈ ಕಾಲದಲ್ಲಿ ಅದು ಹೀಗೇ ನಡೆಯುವುದು. ಅವಳು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಪೂಜಿತಾಳನ್ನು ಅಡುಗೆ ಅರ್ಧಕ್ಕೆ ಬಿಡಿಸಿ ಕರೆಸಿದ್ದರು.

“ಓದಿ ಹೇಳಮ್ಮ ನಿಮ್ಮತ್ತೆಗೆ” ಎಂದರು ಶ್ರೀವತ್ಸನ್, ಮೆತ್ತಗೆ. “ನಾಳೆ ಅರ್ಥ ಆಗ್ದೆ ಒತ್ತಿದೆ ಅಂತ ಅನ್ಬಾರ್ದು ನೋಡು.”

ಪೂಜಿತಾ ಓದತೊಡಗಿದಳು. “ಗೌರಕ್ಕನ ಕೆರೆಯಲ್ಲಿ ಪಕ್ಷಿಗಳಿಗೆ ಉರುಲು ಹಾಕಿದ್ದು ನಾನೇ. ಈ ನನ್ನ ಅಪರಾಧವನ್ನು ಒಪ್ಪಿಕೊಂಡಿದ್ದೇನೆ. ಇನ್ನು ಮುಂದೆ ನಾನಾಗಲಿ ನನ್ನ ಕಾಲೊನಿಯವರಾಗಲಿ ಕೆರೆಗೆ ಇಳಿಯುವುದಿಲ್ಲ.” ಕೆಮ್ಮಿ ಮುಂದುವರಿಸಿದಳು. “ಹಿಡಿದ ಪಕ್ಷಿಗಳನ್ನು ಶಿವಾಜಿನಗರದ ಕಲೀಮುಲ್ಲಾ ಎಂಬಾತನು…”

ನಿಲ್ಲಿಸಿದಳು.

“ಓದಮ್ಮ.”

“ಇದೇನ್ ಸಾರ್ ಇದು?”

“ಅದೇ ಮುಖ್ಯ. ನಮಗೆ ನಿಮ್ಮತ್ತೆ ಮೇಲೆ ಕೋಪ ಇಲ್ಲ. ಪಾಪ, ಗೊತ್ತಿಲ್ದೆ ಮಾಡಿದಾರೆ. ಮಾಡಿಸಿದೋನು ಅವನು. ಹಾಗಂತ ಇವರು ಬರೆದುಕೊಟ್ರೆ ನಾವು ಅವನ ಮೇಲೆ ಮಾತ್ರ ಕೇಸು ಹಾಕಿಸ್ತೀವಿ. ಇವರನ್ನ ಬಿಟ್ಬಿಡ್ತಾರೆ. ಕುಡುಗೋಲೂ ವಾಪಸ್ಸು, ನಿನ್ನ ಕೆಲಸಾನೂ ಇರುತ್ತೆ. ಇಲ್ದಿದ್ರೆ ನಮ್ಮ ಕೈಲೇನಿಲ್ಲ.”

ಪೂಜಿತಾ ಕಾಗದವನ್ನು ಟೇಬಲ್ಲಿನ ಮೇಲಿಟ್ಟಳು. “ಇದನ್ನ ನಾನು ಓದಲ್ಲ ಸಾರ್. ನನ್ನ ಗಂಡನ್ನ ಮನೆಗೆ ತಂದೋರು ಅವರು.”

ಶ್ರೀವತ್ಸನ್ ಕನ್ನಡಕ ತೆಗೆದು ಒರೆಸಿಕೊಂಡರು. “ಪರವಾಗಿಲ್ಲ, ಅರ್ಥ ಆಯ್ತಲ್ಲ. ನರೇಶ್, ಇಂಕ್ ಪ್ಯಾಡ್ ತನ್ನಿ.”

“ನಂಗೆ ಸಹಿ ಬರ್ತದೆ” ಎಂದಳು ದೊಡ್ಡಮುನಿಯಮ್ಮ. ಒಳಗೆ ಬಂದ ಮೇಲೆ ಅವಳ ಮೊದಲ ಮಾತು ಅದು.

“ಬೇಡ, ಹೆಬ್ಬೆಟ್ಟೇ ಇರ್ಲಿ. ಅದು ಗಟ್ಟಿ.”

ನರೇಶ ಬಂದು ಅವಳ ಬಲಗೈ ಹಿಡಿದ. ಹೆಬ್ಬೆಟ್ಟನ್ನು ಪ್ಯಾಡಿಗೆ ಒತ್ತಿದ. ನೀಲಿ ಶಾಯಿ ಸೀಳಿದ ಗೆರೆಗಳೊಳಗೆ ಇಳಿಯಿತು. ಕೈಯನ್ನು ಕಾಗದದ ಕಡೆಗೆ ಎಳೆದ. ಅವಳು ಮುಷ್ಟಿ ಕಟ್ಟಿದಳು.

“ಬಿಡ್ಸಿ ನರೇಶ್. ಸ್ವಲ್ಪ ಹೆಲ್ಪ್ ಮಾಡಿ ಅವರಿಗೆ.”

ಅವನು ಬೆರಳು ಬಿಡಿಸಲು ನೋಡಿದ. ಒಂದನ್ನು ಬಿಡಿಸಿದರೆ ಇನ್ನೊಂದು ಮಡಚುತ್ತಿತ್ತು. ನಲವತ್ತು ವರ್ಷ ಕುಡುಗೋಲು ಹಿಡಿದ ಕೈ ಅದು. ಅವನ ಹಣೆ ಬೆವರಿತು.

“ಈ ಬೆಳ್ಳಲ್ಲೇ ನಿಂಗೆ ರಾಗಿ ಸರಿ ನೆಕ್ಸಿದ್ದು ಕಣೋ” ಎಂದಳು ಅವಳು. ಜೋರಾಗಿ ಹೇಳಲಿಲ್ಲ. “ಮುರಿ. ಮುರಿದು ಒತ್ತಿಸ್ಕೊ.”

ನರೇಶ ಕೈಬಿಟ್ಟು ಹಿಂದೆ ಸರಿದ. ಅವಳು ಶಾಯಿಯ ಬೆರಳನ್ನು ಸೆರಗಿಗೆ ಒರೆಸಿದಳು. ಆಮೇಲೆ ಅಲ್ಲಿದ್ದವರನ್ನೆಲ್ಲ ಒಂದು ಸುತ್ತು ನೋಡಿದಳು.

“ಒತ್ತಲ್ಲ. ಏನು ಮಾಡ್ಕೊಳ್ತೀರೋ ಮಾಡ್ಕೊಳ್ಳಿ. ನನ್ನ ಕಳ್ಳಿ ಮಾಡಿದ್ರಿ, ಹೋಗ್ಲಿ. ಇನ್ನೊಬ್ಬನ ಕತ್ತಿಗೆ ಹಗ್ಗ ಹೊಸೆಯೋಕೆ ನನ್ನ ಬೆಳ್ಳು ಕೇಳ್ತೀರ. ಇವತ್ತು ಅವನು, ನಾಳೆ ನನ್ನ ಕಾಲೊನಿ. ನಾವು ಇರೋದೇ ನಿಮಗೆ ನೋಯ್ತದೆ. ಹಕ್ಕಿ ಒಂದು ನೆಪ.”

“ನೋಡಮ್ಮ, ಮರ್ಯಾದೆ ಕೊಟ್ಟು ಮಾತಾಡಿಸ್ತಿದೀವಿ.”

“ನಿಂತುಕೊಂಡೇ ಇದೀನಿ ಬಂದಾಗಿಂದ. ಎಲ್ಲಿ ಕೊಟ್ಟಿರಿ ಮರ್ಯಾದೆ, ಆ ಪೇಪರ್ ಲೋಟದಾಗಾ?”

ಯಾರೋ ಇಂಗ್ಲಿಷಿನಲ್ಲಿ ಏನೋ ಅಂದರು. ಯಾರೋ ಆಕೆಯನ್ನು ಹೊರಗೆ ಕಳಿಸಿ ಎಂದರು. ದೊಡ್ಡಮುನಿಯಮ್ಮ ಬಾಗಿಲಲ್ಲಿ ನಿಂತು ಮೇಡಮ್ಮಿನ ಕಡೆಗೆ ತಿರುಗಿದಳು.

“ನಾಳೆ ಮಿಷನ್ ಬಿಡ್ತೀರಂತೆ. ಜೊಂಡಲ್ಲಿ ಮೊಟ್ಟೆ ಅವೆ. ಇದೊಂದು ತಿಂಗಳು ತಡೀರಿ.”

“ಎಕ್ಸ್‌ಪರ್ಟ್ಸ್ ನೋಡಿದಾರೆ. ಅದರ ಯೋಚನೆ ನಿಮಗೆ ಬೇಡ” ಎಂದಳು ಮೇಡಮ್, ಮುಖ ತಿರುಗಿಸಿ.

ಪೂಜಿತಾ ಸೊಂಟದಿಂದ ಶ್ರೀವತ್ಸನ್ ಮನೆಯ ಬೀಗದ ಕೈ ತೆಗೆದು ಟೇಬಲ್ಲಿನ ಮೇಲಿಟ್ಟಳು. “ತರಕಾರಿ ಹೆಚ್ಚಿಟ್ಟಿದೀನಿ ಸಾರ್. ಕುಕ್ಕರ್ ನೀವೇ ಇಟ್ಕೊಳ್ಳಿ.”

ಗೋಡೆ ದಾಟಿ ಕಾಲೊನಿ ಮುಟ್ಟಿದ ಮೇಲೆ ಪೂಜಿತಾ ಅತ್ತಳು. ಅತ್ತು ಮುಖ ತೊಳೆದುಕೊಂಡು ಕಲೀಮುಲ್ಲಾನಿಗೆ ಫೋನು ಮಾಡಿದಳು.

“ನಾನು ಬರಲ್ಲ ಅಮ್ಮ” ಎಂದ. “ನಂದು ಫೋಟೊ ಎಲ್ಲಾ ಕಡೆ ಹೋಗೈತೆ. ಇಲ್ಲಿ ಸ್ಟ್ಯಾಂಡಲ್ಲೂ ಕೇಳ್ತಾವ್ರೆ. ಮನೇಲಿ ಹೆಂಡ್ತಿ ಶರ್ಫುನ್ನೀಸಾ ಊಟ ಬಿಟ್ಟು ಕೂತವ್ಳೆ. ಅಕ್ಕಂಗೆ ಹೇಳಿ, ನನ್ನ ಮೇಲೆ ಬೇಜಾರು ಮಾಡ್ಕೋಬ್ಯಾಡ ಅಂತ.”

*

ಮಿಷನ್ ಬಂದದ್ದು ಬೆಳಿಗ್ಗೆ ಎಂಟಕ್ಕೆ. ನೀರಿನ ಮೇಲೆ ತೇಲುವ ಹಳದಿ ಯಂತ್ರ. ಮುಂದೆ ಹಲ್ಲಿನ ಬಾಯಿ, ಬಾಯಿಂದ ಬೆನ್ನಿಗೆ ಬೆಲ್ಟು. ಜೊಂಡನ್ನು ಬುಡಸಮೇತ ಕಡಿದು ಬೆಲ್ಟಿನ ಮೇಲೆ ಮೇಲಕ್ಕೆ ಕಳಿಸುತ್ತದೆ. ಸದ್ದು ಮಾಡಬಾರದ ಲೇಔಟಿನಲ್ಲಿ ಅದು ಊರೇ ಅದುರುವಂತೆ ಸದ್ದು ಮಾಡಿತು. ಯಾರೂ ದೂರು ಕೊಡಲಿಲ್ಲ. ಏರಿಯ ಮೇಲೆ ಶಾಮಿಯಾನ ಹಾಕಿ ಇಡ್ಲಿ ವಡೆ ಇಟ್ಟಿದ್ದರು.

ದೊಡ್ಡಮುನಿಯಮ್ಮ ಗೇಟಿಗೆ ಬಂದಾಗ ನರೇಶ ಅಡ್ಡ ಕೈ ಹಿಡಿದ. ಅವಳು ನಿಲ್ಲಲಿಲ್ಲ. ಅವನ ಕೈ ಅವಳ ಎದೆಗೆ ತಾಕುವಷ್ಟು ಹತ್ತಿರವಾದಾಗ ಅವನೇ ಕೈ ತೆಗೆದ. ಹಿಂದೆಯೇ ಪೂಜಿತಾ ಬಂದಳು.

ಅಷ್ಟರಲ್ಲಿ ಏರಿಯ ಮೇಲೆ ಯಾರೋ ಕಿರುಚಿದರು. ಮೇಡಮ್. ಬೆಲ್ಟಿನ ಮೇಲೆ ಜೊಂಡಿನ ಜೊತೆ ಒಂದು ಗೂಡು ಏರಿ ಬರುತ್ತಿತ್ತು. ಬಟ್ಟಲಿನಂಥ ಗೂಡು. ಐದು ಮೊಟ್ಟೆ, ಮೈತುಂಬ ಕಂದು ಚುಕ್ಕೆ. ಬೆಲ್ಟು ಮೇಲಕ್ಕೆ ಹೋಗಿ ಮಗುಚಿತು. ಎಲ್ಲ ಒಟ್ಟಿಗೆ ರಾಶಿಯ ಮೇಲೆ ಬಿತ್ತು. ಎಲ್ಲಿಂದಲೋ ಹುಂಡುಕೋಳಿಯೊಂದು ಕ್ವಾಕ್ ಕ್ವಾಕ್ ಎಂದು ಕೂಗತೊಡಗಿತು. ನಿಲ್ಲಿಸಲೇ ಇಲ್ಲ.

“ಸ್ಟಾಪ್, ಸ್ಟಾಪ್” ಎಂದು ಮೇಡಮ್ ಕೈ ಬೀಸಿದಳು. ಯಂತ್ರದವನಿಗೆ ಆ ಸದ್ದಿನಲ್ಲಿ ಏನು ಕೇಳಿಸಬೇಕು?

ದೊಡ್ಡಮುನಿಯಮ್ಮ ಸೀರೆ ಎತ್ತಿ ಕಟ್ಟಲಿಲ್ಲ. ಹಾಗೇ ಇಳಿದಳು. ಮೊಣಕಾಲು, ತೊಡೆ, ಸೊಂಟ. ಯಂತ್ರದ ಬಾಯಿಗೂ ಜೊಂಡಿಗೂ ನಡುವೆ ಹೋಗಿ ನಿಂತಳು. ಹಲ್ಲುಗಳು ಅವಳ ಹೊಟ್ಟೆಯಿಂದ ಎರಡು ಮೊಳ ದೂರದಲ್ಲಿದ್ದಾಗ ಯಂತ್ರದವನು ಬೈದುಕೊಂಡು ಇಂಜಿನ್ ಆರಿಸಿದ.

ಒಮ್ಮೆಗೇ ಎಲ್ಲ ನಿಶ್ಶಬ್ದವಾಯಿತು. ಹಕ್ಕಿ ಕೂಗುವುದೊಂದೇ ಉಳಿಯಿತು.

ಮೇಡಮ್ ನೀರಿನ ಅಂಚಿನವರೆಗೂ ಓಡಿಬಂದಳು. ಬಿಳಿ ಬೂಟಿನ ಮೂತಿ ಕೆಸರಿಗೆ ತಾಕಿದ್ದೇ ಹಿಂದೆ ಸರಿದಳು. “ಅಮ್ಮಾ, ಬಾಕಿ ಗೂಡು ಎಲ್ಲೆಲ್ಲಿವೆ? ತೋರಿಸಿ ಪ್ಲೀಸ್. ಅಷ್ಟು ಬಿಟ್ಟು ಮಿಕ್ಕಿದ್ದು ತೆಗೆಸ್ತೀವಿ.”

“ತೋರ್ಸಿದ್ವಿ. ಹನ್ನೊಂದು ಕಡೆ ಕಟ್ಟಿ ತೋರ್ಸಿದ್ವಿ. ಬಿಚ್ಚಿಸಿ ಚಪ್ಪಾಳೆ ಹೊಡೆದ್ರಲ್ಲ.”

“ನನಗೆ ಗೊತ್ತಿರ್ಲಿಲ್ಲ. ರಿಯಲಿ ಸಾರಿ. ಈಗಾದ್ರೂ ಹೇಳಿ.”

“ಹೇಳಲ್ಲ.”

“ಹಕ್ಕಿ ಸಾಯುತ್ವೆ ಅಮ್ಮ.”

“ಮಿಷನ್ ವಾಪಸ್ ಹೋದ್ರೆ ಯಾಕ್ ಸಾಯ್ತವೆ? ನಾನು ಬೆಳ್ಳು ಮಾಡಿ ತೋರ್ಸಿದ್ರೆ ಅದಕ್ಕೂ ಬೇಲಿ ಸುತ್ತಿ ಬೋರ್ಡ್ ಹಾಕ್ತೀರ. ಮಿಕ್ಕಿದ ಜೊಂಡು ಬೋಳಿಸಿ ನನ್ನ ಆಚೆ ದಬ್ತೀರ. ಎಲ್ಲಾ ಕಡೆ ಐತೆ ಗೂಡು ಅಂದ್ಕೊಳ್ಳಿ.”

ಶ್ರೀವತ್ಸನ್ ಅಷ್ಟು ಹೊತ್ತಿಗೆ ಫೋನು ಮಾಡಿ ಆಗಿತ್ತು. ಕಾನ್‌ಸ್ಟೇಬಲ್ ಒಬ್ಬ ಬೈಕಿನಲ್ಲಿ ಬಂದ. ಏರಿಯ ಮೇಲೆ ನಿಂತು, “ಏಯ್, ಮೇಲಕ್ಕೆ ಬಾರಮ್ಮ” ಎಂದ.

“ಬರಲ್ಲ. ಬೇಕಾದ್ರೆ ನೀನೇ ಇಳಿದು ಬಾ.”

ಅವನು ನೀರನ್ನು ನೋಡಿದ. ಬೂಟು ನೋಡಿಕೊಂಡ. ಲೇಔಟಿನ ನಾನೂರು ಮನೆಗಳ ಕಕ್ಕಸಿನ ಪೈಪು ಇಪ್ಪತ್ತು ಹೆಜ್ಜೆ ಆಚೆ ಕೆರೆಯೊಳಗೆ ಬಾಯಿ ತೆರೆದಿತ್ತು. ಅದು ಅಲ್ಲಿ ನಿಂತವರಿಗೆಲ್ಲ ಗೊತ್ತಿದ್ದ ಸಂಗತಿ. ಆ ಪೈಪಿನ ಫೋಟೊ ಮಾತ್ರ ಯಾರೂ ತೆಗೆದಿರಲಿಲ್ಲ. ಕಾನ್‌ಸ್ಟೇಬಲ್ ಶ್ರೀವತ್ಸನ್ ಕಡೆ ತಿರುಗಿ, “ನಿಮ್ಮೋರು ಯಾರಾದ್ರೂ ಇಳಿದು ಕರ್ಕೊಂಡು ಬನ್ನಿ ಸಾರ್” ಎಂದ.

ನಿಮ್ಮೋರು ಎಂದರೆ ಯಾರು? ವಾಕಿಂಗ್ ಬೂಟುಗಳೆಲ್ಲ ಒಂದು ಹೆಜ್ಜೆ ಹಿಂದಕ್ಕೆ ಹೋದವು. 

“ನರೇಶ್, ನೀವಿಳೀರಿ” ಎಂದರು ಶ್ರೀವತ್ಸನ್.

ನರೇಶ ತನ್ನ ಬೂಟಿನ ದಾರವನ್ನು ನೋಡುತ್ತ ನಿಂತಿದ್ದ.

“ನರೇಶ್.”

“ಯೂನಿಫಾರಂ ಒದ್ದೆಯಾಗುತ್ತೆ ಸಾರ್.”

“ವಾಟ್?”

“ಒಂದೇ ಜೊತೆ ಕೊಟ್ಟಿರೋದು ನೀವು.” ಅವನು ಕತ್ತೆತ್ತಲಿಲ್ಲ. ಇಳಿಯಲೂ ಇಲ್ಲ.

ಬಿಸಿಲು ಏರಿತು. ಶಾಮಿಯಾನದ ಕೆಳಗೆ ಇಡ್ಲಿ ಆರಿತು. ದೊಡ್ಡಮುನಿಯಮ್ಮನ ಕಾಲ ಸೀಳುಗಳಿಗೆ ಆ ನೀರು ಇಳಿದು ಉರಿಯುತ್ತಿತ್ತು. ಅವಳು ಅಲುಗಲಿಲ್ಲ. ಕಾಲೊನಿಯ ಉಳಿದ ಮೂವರು ಹುಲ್ಲಿನ ಹೆಂಗಸರು ಗೇಟು ದಾಟಿ ಬಂದು ದಡದಲ್ಲಿ ಪೂಜಿತಾಳ ಪಕ್ಕ ನಿಂತರು. ಮೇಡಮ್ ಕ್ಯಾಮೆರಾ ಎತ್ತಿದಳು, ಏನನ್ನಿಸಿತೋ ಇಳಿಸಿದಳು. ಶ್ರೀವತ್ಸನ್ ಇನ್ನೂ ದೊಡ್ಡ ಸಾಹೇಬರಿಗೆ ಫೋನು ಹಚ್ಚಿದರು. ಬಂದರೂ ಅವರೂ ಇದೇ ನೀರಿಗೆ ಇಳಿಯಬೇಕು.

ದೊಡ್ಡಮುನಿಯಮ್ಮ ಯಂತ್ರದ ಹಲ್ಲಿನ ಮೇಲೆ ಕೈಯೂರಿ ದಡದ ಕಡೆಗೆ ಕೂಗಿದಳು. ಸೊಪ್ಪಿನವಳೂ ಕೂಗಬಾರದ ಜಾಗದಲ್ಲಿ ಲೇಔಟಿನ ಕೊನೆಯ ಮನೆಗೂ ಕೇಳುವಂತೆ ಕೂಗಿದಳು.

“ಪೂಜಿತಾ, ಕಲೀಮಣ್ಣಂಗೆ ಫೋನ್ ಮಾಡೇ. ನಾಳೆ ಬೆಳಿಗ್ಗೆ ಗಾಡಿ ತಂದು ಇದೇ ಗೇಟಲ್ಲಿ ನಿಲ್ಲಿಸ್ಲಿ ಅನ್ನು. ಹುಲ್ಲು ಐತೆ.”